ಮೊದಲ ಪ್ಯಾಚ್‌ಗೆ ಉತ್ತರ ಬರುವ ತನಕ

ಮುಕ್ತ ತಂತ್ರಾಂಶ ಎಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶ. ಅದಕ್ಕಾಗಿ ದುಡಿಯಲು ಹೊಸಬರಿಗೆ ಗೂಗಲ್ ಹಣ ಕೊಡುವ ಕಾರ್ಯಕ್ರಮ ಗೂಗಲ್ ಸಮ್ಮರ್ ಆಫ್ ಕೋಡ್. 2006ರಲ್ಲಿ ಅದರಡಿ, ಲಿನಕ್ಸ್ ಕಂಪ್ಯೂಟರ್‌ಗಳ ಡೆಸ್ಕ್‌ಟಾಪ್ ರೂಪಿಸುವ ಗ್ನೋಮ್ ಯೋಜನೆಗೆ 181 ಅರ್ಜಿಗಳು ಬಂದವು. ಅವುಗಳಲ್ಲಿ ಹೆಣ್ಣುಮಕ್ಕಳದ್ದು ಒಂದೂ ಇರಲಿಲ್ಲ. ಗ್ನೋಮ್‌ನವರು ಅದೇ ವರ್ಷ ಮಹಿಳೆಯರಿಗೆಂದೇ ಮೂರು ಸ್ಥಾನಗಳ ಪ್ರತ್ಯೇಕ ಕಾರ್ಯಕ್ರಮ ಪ್ರಕಟಿಸಿದರು. ಈ ಸಲ ನೂರಕ್ಕೂ ಹೆಚ್ಚು ಅರ್ಜಿಗಳು ಬಂದವು. ಕೊನೆಗೆ ಆರು ಮಂದಿಯನ್ನು ಆರಿಸಿಕೊಂಡರು. ವರ್ಷ ಅದೇ, ತಂತ್ರಾಂಶವೂ ಅದೇ. ಕರೆದ ರೀತಿ ಮಾತ್ರ ಬೇರೆ. "ಹೆಣ್ಣುಮಕ್ಕಳಿಗೆ ಇದರಲ್ಲಿ ಆಸಕ್ತಿಯೇ ಇಲ್ಲ" ಎನ್ನುವವರು ಈ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ.

ಅದೇ ವರ್ಷ ಹೊರಬಂದ, ಐರೋಪ್ಯ ಒಕ್ಕೂಟದ ಹಣದಿಂದ ನಡೆದ ಅಧ್ಯಯನವೊಂದು ಮುಕ್ತ ತಂತ್ರಾಂಶದಲ್ಲಿ ಮಹಿಳೆಯರ ಪಾಲು ಸುಮಾರು ಶೇ. 1.5 ಎಂದಿತು. ಕಂಪನಿಗಳ ಒಡೆತನದ ತಂತ್ರಾಂಶ ಕ್ಷೇತ್ರದಲ್ಲಿ ಅದು ಶೇ. 28 ಇತ್ತು. ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನ 2017ರ ಸಮೀಕ್ಷೆಯಲ್ಲೂ ಉತ್ತರಿಸಿದವರಲ್ಲಿ ಮಹಿಳೆಯರು ಶೇ. 3 ಮಾತ್ರ. ಕೋಡ್ ಬರೆಯುವುದೇ ತೊಡಕಾಗಿದ್ದರೆ ಎರಡೂ ಕಡೆ ಸಂಖ್ಯೆ ಕಡಿಮೆ ಇರಬೇಕಿತ್ತು. ಕಂಪನಿಯಲ್ಲಿ ಸಂಬಳವಿದೆ, ಹೊಸಬರಿಗೆ ಕೆಲಸ ಹೇಳಿಕೊಡಲು ಒಬ್ಬರು ಇರುತ್ತಾರೆ. ಮುಕ್ತ ತಂತ್ರಾಂಶಕ್ಕೆ ತಾವಾಗಿಯೇ ಬರಬೇಕು, ಬಿಡುವಿನಲ್ಲಿ ಬರಬೇಕು, ಎಲ್ಲರೆದುರು ಕಲಿಯಬೇಕು. ಮನೆಗೆಲಸ, ಮಕ್ಕಳ ಆರೈಕೆಯಲ್ಲಿ ಸಂಜೆ ಕಳೆದುಹೋಗುವವರಿಗೆ ಆ ಬಿಡುವೇ ಇರುವುದಿಲ್ಲ.

ಹೊಸಬರು ಎಲ್ಲಿ ಕೈಚೆಲ್ಲುತ್ತಾರೆ ಎಂದು ನೋಡಲು ಮೊದಲ ಪ್ಯಾಚ್‌ನ, ಎಂದರೆ ಯೋಜನೆಗೆ ಕಳಿಸುವ ಮೊದಲ ಕೋಡ್ ತಿದ್ದುಪಡಿಯ, ದಾರಿಯಲ್ಲೇ ನಡೆಯಬೇಕು. ಮೂಲ ಕೋಡ್ ಇಳಿಸಿಕೊಳ್ಳುವುದು, ಅದಕ್ಕೆ ಬೇಕಾದ ಲೈಬ್ರರಿಗಳನ್ನು (ಸಿದ್ಧ ಕೋಡ್ ಕಂತೆಗಳನ್ನು) ಹಾಕಿಕೊಳ್ಳುವುದು, ಕಂಪೈಲ್ ಮಾಡುವುದು (ಓಡಿಸಬಲ್ಲ ರೂಪಕ್ಕೆ ತರುವುದು), ಪರೀಕ್ಷೆಗಳನ್ನು ಓಡಿಸುವುದು, ಆಮೇಲೆ ತಿದ್ದುಪಡಿ. ತಿದ್ದುಪಡಿ ಎರಡೇ ಸಾಲಿನದ್ದಿರಬಹುದು. ಅಲ್ಲಿಗೆ ತಲುಪುವಷ್ಟರಲ್ಲಿ ಎರಡು ವಾರಾಂತ್ಯ ಮುಗಿದಿರುತ್ತವೆ. ಕಾರಣ ಸಾಮಾನ್ಯವಾಗಿ ಒಂದೇ: ಸೂಚನೆಗಳು ಹಳೆಯವು, ಲೈಬ್ರರಿಯ ಆವೃತ್ತಿ ಬದಲಾಗಿದೆ, ಆ ವಿಷಯ ಹಳಬರಿಗೆ ಬಾಯಿಮಾತಿನಲ್ಲಿ ಗೊತ್ತು. ಆ ಬಾಯಿಮಾತು ಸ್ನೇಹಿತರ ಬಳಗದೊಳಗೇ ಓಡಾಡುತ್ತದೆ. ಬಳಗದ ಹೊರಗಿರುವವರು ತಪ್ಪು ತಮ್ಮದೇ ಎಂದುಕೊಂಡು ಸದ್ದಿಲ್ಲದೆ ಹಿಂದೆ ಸರಿಯುತ್ತಾರೆ.

ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಬರ್ನೆಟ್ ಮತ್ತು ಸಂಗಡಿಗರು ತಂತ್ರಾಂಶದಲ್ಲಿನ ಲಿಂಗ ಪಕ್ಷಪಾತ ಹುಡುಕಲು ರೂಪಿಸಿದ ಜೆಂಡರ್‌ಮ್ಯಾಗ್ ವಿಧಾನ ಇಲ್ಲಿ ತುಂಬಾ ಉಪಯುಕ್ತ. ತಂತ್ರಾಂಶವನ್ನು ಬಳಸುವ ಉದ್ದೇಶ, ಮಾಹಿತಿಯನ್ನು ಗ್ರಹಿಸುವ ಬಗೆ, ಕಂಪ್ಯೂಟರ್ ವಿಷಯದಲ್ಲಿ ತನ್ನ ಮೇಲಿನ ನಂಬಿಕೆ, ಅಪಾಯದ ಬಗೆಗಿನ ಧೋರಣೆ, ಕಲಿಯುವ ರೀತಿ ಎಂಬ ಐದು ಅಂಶಗಳನ್ನಿಟ್ಟು ಅಬಿ ಎಂಬ ಕಲ್ಪಿತ ಬಳಕೆದಾರರನ್ನು ಸೃಷ್ಟಿಸುತ್ತಾರೆ. ಅಬಿ ಸಿಕ್ಕಿದ್ದನ್ನೆಲ್ಲ ಒತ್ತಿ ನೋಡುವ ಸ್ವಭಾವದವರಲ್ಲ. ಮೊದಲು ಪೂರ್ತಿ ಓದಿಕೊಂಡು ಆಮೇಲೆ ಕೈ ಹಾಕುವವರು. ತಂಡದವರು ತಮ್ಮ ಸೂಚನೆಗಳ ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕು: ಇಲ್ಲಿ ಏನು ಮಾಡಬೇಕೆಂದು ಅಬಿಗೆ ತಿಳಿಯುತ್ತದೆಯೇ? ಮಾಡಿದ ಮೇಲೆ ಸರಿಯಾಯಿತೆಂದು ಗೊತ್ತಾಗುತ್ತದೆಯೇ? ಎರಡನೆಯ ಪ್ರಶ್ನೆಗೇ ಹೆಚ್ಚಿನ ಸೂಚನೆಗಳು ಸೋಲುತ್ತವೆ. ಕಮಾಂಡ್ ಕೊಟ್ಟಿರುತ್ತಾರೆ, ಪರದೆಯ ಮೇಲೆ ಏನು ಕಾಣಬೇಕು, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದಿರುವುದಿಲ್ಲ. ಪ್ರತಿ ಬಿಡುಗಡೆಗೂ ಮುನ್ನ ಒಬ್ಬರು ಏನೂ ಇಲ್ಲದ ಹೊಸ ಕಂಟೇನರ್‌ನಲ್ಲಿ (ಕಂಪ್ಯೂಟರ್‌ನೊಳಗಿನ ಪ್ರತ್ಯೇಕ ಪರಿಸರದಲ್ಲಿ) ಈ ಸೂಚನೆಗಳನ್ನು ಅಕ್ಷರಶಃ ಪಾಲಿಸಿ ನೋಡಿದರೆ ತೊಡಕುಗಳು ಹೊರಬೀಳುತ್ತವೆ. 'ಹೊಸಬರಿಗೆ' ಎಂಬ ಲೇಬಲ್ ಅಂಟಿಸಿದ ಬಗ್ (ದೋಷ) ವರದಿಯಲ್ಲಿ ಯಾವ ಫೈಲ್, ತೊಂದರೆಯನ್ನು ಮತ್ತೆ ಕಾಣುವುದು ಹೇಗೆ, ಮುಗಿಯಿತೆಂದು ತಿಳಿಯುವುದು ಹೇಗೆ, ಯಾರನ್ನು ಕೇಳಬೇಕು ಎಂಬ ನಾಲ್ಕೂ ಇರಬೇಕು. ಹಳಬರು ಅದನ್ನು ಐದು ನಿಮಿಷದಲ್ಲಿ ತಾವೇ ಮುಗಿಸಿಬಿಡಬಾರದು.

ಪ್ಯಾಚ್ ಕಳಿಸಿದ ಮೇಲೆ ಕಾಯುವ ಸರದಿ. ಫೈರ್‌ಫಾಕ್ಸ್ ಬ್ರೌಸರ್ ರೂಪಿಸುವ ಮೊಜಿಲ್ಲಾ ತನ್ನ ದಾಖಲೆಗಳನ್ನು ಪರಿಶೀಲಿಸಿದಾಗ, ಮೊದಲ ಪ್ಯಾಚ್‌ಗೆ 48 ಗಂಟೆಯೊಳಗೆ ವಿಮರ್ಶೆ ಪಡೆದವರು ಮತ್ತೆ ಬರುವುದು ಬಹಳ ಹೆಚ್ಚು, ಏಳು ದಿನ ದಾಟಿದರೆ ಹೆಚ್ಚುಕಡಿಮೆ ಯಾರೂ ಹಿಂತಿರುಗುವುದಿಲ್ಲ ಎಂದು ಕಂಡುಬಂತು. ಇದು ಗಂಡು ಹೆಣ್ಣೆನ್ನದೆ ಎಲ್ಲರ ಕಥೆ. ಆದರೆ ತೀರ್ಪಿನಲ್ಲಿ ವ್ಯತ್ಯಾಸವಿದೆ. ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್‌ಗಳ (ತಿದ್ದಿದ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆಗಳ) ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೋಜನೆಗೆ ಹೊರಗಿನವರಾದ ಮಹಿಳೆಯರ ಕೋಡ್, ಬರೆದವರು ಹೆಣ್ಣೆಂದು ಪ್ರೊಫೈಲ್‌ನಿಂದ ತಿಳಿಯದಿದ್ದಾಗ ಶೇ. 71.8ರಷ್ಟು ಸ್ವೀಕೃತವಾಗುತ್ತಿತ್ತು, ತಿಳಿದಾಗ ಶೇ. 62.5ಕ್ಕೆ ಇಳಿಯುತ್ತಿತ್ತು. ಗುರುತು ತಿಳಿದಾಗ ಗಂಡಸರದ್ದೂ ಇಳಿಯುತ್ತಿತ್ತು, ಆದರೆ ಅಷ್ಟಲ್ಲ. ಹಾಗಾಗಿ ಅಡ್ಡಹೆಸರಿನಲ್ಲಿ ಕೋಡ್ ಕೊಡಲು ಅವಕಾಶವಿರುವುದು ಮುಖ್ಯ. ಲಿನಕ್ಸ್ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನೆಲ್ ಯೋಜನೆ ಕೂಡ 2023ರಲ್ಲಿ, ಕೋಡ್ ಕೊಡುವವರಿಗಿದ್ದ 'ನಿಜವಾದ ಹೆಸರು' ಎಂಬ ಷರತ್ತನ್ನು 'ಪರಿಚಿತ ಗುರುತು' ಎಂದು ಸಡಿಲಿಸಿತು.

ಗ್ನೋಮ್‌ನ ಕಾರ್ಯಕ್ರಮ 2010ರಲ್ಲಿ ಮತ್ತೆ ಶುರುವಾಗಿ, 2015ರಲ್ಲಿ ಔಟ್‌ರೀಚಿ ಎಂಬ ಹೆಸರಿನಲ್ಲಿ, ಮುಕ್ತ ತಂತ್ರಾಂಶ ಯೋಜನೆಗಳಿಗೆ ಆಸರೆಯಾಗುವ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ಆಶ್ರಯಕ್ಕೆ ಬಂತು. ಈಗ ಅದು ಮಹಿಳೆಯರಿಗಷ್ಟೇ ಸೀಮಿತವಲ್ಲ. ತಂತ್ರಜ್ಞಾನ ಕ್ಷೇತ್ರದಲ್ಲಿ ತಾರತಮ್ಯ ಎದುರಿಸುವ ಇತರರಿಗೂ ತೆರೆದಿದೆ. ಮೂರು ತಿಂಗಳ ಕೆಲಸ, 7,000 ಡಾಲರ್ ಭತ್ಯೆ, ಜೊತೆಗೊಬ್ಬ ಮಾರ್ಗದರ್ಶಿ. ಇದರ ಜಾಣತನ ಇರುವುದು ಆಯ್ಕೆಯ ಕ್ರಮದಲ್ಲಿ. ಅರ್ಜಿಯ ಅವಧಿಯಲ್ಲೇ ಯೋಜನೆಗೆ ಸಣ್ಣದೊಂದು ಕೊಡುಗೆ ಕೊಡಬೇಕು, ಆಗ ಮಾರ್ಗದರ್ಶಿ ನೆರವಿಗೆ ಇರಲೇಬೇಕು. ಆಯ್ಕೆಯಾಗದವರೂ ಮೊದಲ ಪ್ಯಾಚ್ ದಾಟಿರುತ್ತಾರೆ. ಕೆಡುವುದೆಲ್ಲಿ? ಮೂರು ತಿಂಗಳಿಗೆ ಹಿಡಿಸದ ಕೆಲಸ ಕೊಟ್ಟಾಗ, ಒಬ್ಬನೇ ಮಾರ್ಗದರ್ಶಿ ನಡುವೆ ಕಾಣೆಯಾದಾಗ, ಅವಧಿ ಮುಗಿದ ಮೇಲೆ ಯಾರೂ ವಿಚಾರಿಸದಿದ್ದಾಗ. ಕೆಲಸವನ್ನು ವಾರದ ತುಂಡುಗಳಾಗಿ ಒಡೆದು, ಇಬ್ಬರು ಮಾರ್ಗದರ್ಶಿಗಳನ್ನಿಟ್ಟು, ಕೊನೆಗೆ ಕೋಡ್‌ನ ಒಂದು ಸಣ್ಣ ಭಾಗದ ಹೊಣೆಯನ್ನೇ ಅವರಿಗೆ ವಹಿಸಬೇಕು.

ಕಾರ್ಯಾಗಾರಗಳಿಗೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಮಹಿಳೆಯರಿಗೆ ಕಲಿಸಿದ 2011ರ ಬಾಸ್ಟನ್ ಪೈಥಾನ್ ಕಾರ್ಯಾಗಾರ ಒಳ್ಳೆಯ ಮಾದರಿ. ಶುಕ್ರವಾರ ಸಂಜೆಯನ್ನು ಲ್ಯಾಪ್‌ಟಾಪ್‌ಗಳಲ್ಲಿ ತಂತ್ರಾಂಶ ಹಾಕಿಕೊಡುವುದಕ್ಕೇ ಮೀಸಲಿಟ್ಟು, ಪಾಠವನ್ನು ಶನಿವಾರಕ್ಕೆ ಇಟ್ಟರು. ಇನ್‌ಸ್ಟಾಲೇಶನ್ ಪಾಠದ ಹೊತ್ತನ್ನು ನುಂಗಲಿಲ್ಲ. ಗಂಡಸರು ಬರುವುದಾದರೆ ಭಾಗವಹಿಸುವ ಮಹಿಳೆಯೊಬ್ಬರ ಅತಿಥಿಯಾಗಿ ಬರಬೇಕಿತ್ತು. ಪೈಥಾನ್ ಬಳಸುವವರ ಅಮೆರಿಕದ ಪೈಕಾನ್ ಸಮ್ಮೇಳನದಲ್ಲಿ 2011ರಲ್ಲಿ ಭಾಷಣಕಾರರಲ್ಲಿ ಶೇ. 1ರಷ್ಟಿದ್ದ ಮಹಿಳೆಯರು ಕೆಲವೇ ವರ್ಷಗಳಲ್ಲಿ ಮೂರನೇ ಒಂದು ಭಾಗವಾದರು. ಅದಕ್ಕಾಗಿ ಸಮ್ಮೇಳನದ ಕಡೆಯಿಂದ ಜೆಸಿಕಾ ಮೆಕೆಲ್ಲರ್ ಮತ್ತಿತರರು ಮಹಿಳೆಯರಿಗೆ ಒಬ್ಬೊಬ್ಬರಿಗೂ ಪತ್ರ ಬರೆದು ವಿಷಯ ಕಳಿಸಿ ಎಂದು ಕೇಳಿಕೊಂಡಿದ್ದರು. ಸಾರ್ವಜನಿಕ ಪ್ರಕಟಣೆಯೊಂದರಿಂದಲೇ ಇಷ್ಟಾಗುತ್ತಿರಲಿಲ್ಲ.

ಬಂದವರ ದುಡಿಮೆ ದಾಖಲಾಗುವುದು ಮುಂದಿನ ಮಾತು. ಅನುವಾದ, ದಸ್ತಾವೇಜು, ಬಗ್‌ಗಳ ವಿಂಗಡಣೆ, ಕಾರ್ಯಕ್ರಮ ಸಂಘಟನೆ ಹೆಣ್ಣುಮಕ್ಕಳ ಪಾಲಿಗೆ ಸುಲಭವಾಗಿ ಬಂದು ಬೀಳುತ್ತವೆ. ಇವುಗಳಲ್ಲಿ ಬಹಳಷ್ಟು, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸದಲ್ಲಿ ಕಾಣುವುದೇ ಇಲ್ಲ. ಪರೀಕ್ಷಿಸಿದವರು, ವಿಮರ್ಶಿಸಿದವರು, ಸಹಲೇಖಕರು ಎಂದು ಕಮಿಟ್ (ದಾಖಲಾದ ಒಂದು ಬದಲಾವಣೆ) ಸಂದೇಶದ ಕೊನೆಯಲ್ಲಿ ಹೆಸರು ನಮೂದಿಸುವ ಕ್ರಮವಿದೆ, ಅದನ್ನು ತಪ್ಪದೆ ಬಳಸಬೇಕು. ಹೆಸರು ಬದಲಾದವರ ಹಳೆಯ ಕಮಿಟ್‌ಗಳನ್ನು ಹೊಸ ಹೆಸರಿಗೆ ಸೇರಿಸಲು ಮೇಲ್‌ಮ್ಯಾಪ್ ಎಂಬ ಸಣ್ಣ ಫೈಲ್ ಸಾಕು. ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆ ರೂಪಿಸುವ ಡೆಬಿಯನ್ 2010ರ ಮತದಾನದಲ್ಲಿ, ತಂತ್ರಾಂಶದ ಪ್ಯಾಕೇಜ್‌ಗಳನ್ನು ಸಿದ್ಧಪಡಿಸದೆ ಬೇರೆ ರೀತಿ ದುಡಿಯುವವರಿಗೂ ಮತಹಕ್ಕಿರುವ ಪೂರ್ಣ ಸದಸ್ಯತ್ವ ಕೊಡಲು ಒಪ್ಪಿತು. ಇಂಥ ನಿಯಮ ಪ್ರತಿ ಯೋಜನೆಗೂ ಬೇಕು.

ನಡತೆ ಸಂಹಿತೆಯನ್ನು ನಕಲು ಮಾಡಿ ಹಾಕಿಕೊಳ್ಳುವುದು ಐದು ನಿಮಿಷದ ಕೆಲಸ. ದೂರು ಬಂದಾಗ ಅದನ್ನು ಜಾರಿಗೆ ತರುವುದೇ ಕಷ್ಟ. ದೂರು ಪಡೆಯಲು ಕನಿಷ್ಠ ಇಬ್ಬರಿರಬೇಕು, ಇಬ್ಬರಿಗೂ ಬೇರೆ ಬೇರೆ ಖಾಸಗಿ ವಿಳಾಸ ಇರಬೇಕು. ದೂರು ಅವರಲ್ಲೊಬ್ಬರ ಮೇಲೆಯೇ ಇದ್ದರೆ ಇನ್ನೊಬ್ಬರಿಗೆ ಬರೆಯಬಹುದು. ದೂರು ತಲುಪಿತೆಂದು ಮರುದಿನದೊಳಗೆ ತಿಳಿಸಬೇಕು, ಏನು ನಿರ್ಧಾರವಾಯಿತೆಂದು ದೂರು ಕೊಟ್ಟವರಿಗೆ ಬರಹದಲ್ಲೇ ಹೇಳಬೇಕು, ಅವರ ಒಪ್ಪಿಗೆಯಿಲ್ಲದೆ ಅವರ ಹೆಸರನ್ನು ಎಲ್ಲೂ ಬಳಸಬಾರದು.