ಮೈಕ್ ಒತ್ತಿದರೆ ಲ್ಯಾಪ್‌ಟಾಪ್ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಹ್ಯಾಮ್ ರೇಡಿಯೊ ಕಾಂಟೆಸ್ಟ್‌ಗೆ (ಹೆಚ್ಚು ಸ್ಟೇಷನ್‌ಗಳ ಜೊತೆ ಸಂಪರ್ಕ ಮಾಡುವ ಸ್ಪರ್ಧೆ) ಕೂತಾಗ 20 ಮೀಟರ್ ಬ್ಯಾಂಡ್‌ನಲ್ಲಿ ಮೈಕ್ ಒತ್ತಿದ ಕೂಡಲೇ ಯುಎಸ್‌ಬಿ ಸಂಪರ್ಕ ತಪ್ಪುತ್ತದೆ, ಸಂಪರ್ಕಗಳನ್ನು ದಾಖಲಿಸುವ ಲಾಗಿಂಗ್ ನಿಂತುಬಿಡುತ್ತದೆ. ಕೇಳುವಾಗಲೂ ಗುಂಯ್ ಅನ್ನುವ ಸದ್ದು. ಹೊಸ ಲ್ಯಾಪ್‌ಟಾಪ್ ತಗೋಬೇಕಾ? (ಬದಿಯಡ್ಕದ ಓದುಗರು)

ಉತ್ತರ: ಈಗಲೇ ಬೇಡ. ನಿಮಗಿರುವುದು ಎರಡು ತೊಂದರೆ. ಒಂದರಲ್ಲಿ ರೇಡಿಯೊ ಲ್ಯಾಪ್‌ಟಾಪ್‌ಗೆ ಕಾಟ ಕೊಡುತ್ತಿದೆ. ಇನ್ನೊಂದರಲ್ಲಿ ಯಾವುದೋ ಒಂದು ವಸ್ತು ರೇಡಿಯೊಗೆ ಕಾಟ ಕೊಡುತ್ತಿದೆ. ಎರಡನ್ನೂ ಬೇರೆ ಬೇರೆ ಹುಡುಕಬೇಕು.

ಮೊದಲು ಆಂಟೆನಾ ಕಳಚಿ 50 ಓಮ್‌ನ ಡಮ್ಮಿ ಲೋಡ್ (ಪವರನ್ನು ಗಾಳಿಗೆ ಬಿಡದೆ ಶಾಖವಾಗಿ ನುಂಗುವ ರೆಸಿಸ್ಟರ್) ಹಾಕಿ, ಅಷ್ಟೇ ಪವರ್‌ನಲ್ಲಿ ಮಾತಾಡಿ. ಯುಎಸ್‌ಬಿ ಅಲುಗಾಡದೆ ನಿಂತರೆ ಆರ್‌ಎಫ್ (ರೇಡಿಯೊ ತರಂಗದ ಶಕ್ತಿ) ಆಂಟೆನಾ ಕಡೆಯಿಂದಲೇ ಒಳಗೆ ಬರುತ್ತಿದೆ ಎಂದರ್ಥ. ನಮ್ಮ ತೋಟದ ಮನೆಗಳಲ್ಲಿ ಒಂದು ತುದಿ ಮಾಡಿಗೆ, ಇನ್ನೊಂದು ತೆಂಗಿಗೆ ಕಟ್ಟಿ ಎಂಡ್-ಫೆಡ್ ತಂತಿ (ಒಂದು ತುದಿಯಲ್ಲಿ ಪವರ್ ಕೊಡುವ ಆಂಟೆನಾ) ಹಾಕುವುದು ಸುಲಭ, ಅಲ್ವಾ? ಆದರೆ ಅದಕ್ಕೆ ಕೌಂಟರ್‌ಪಾಯ್ಸ್ ತಂತಿ (ಆಂಟೆನಾದ ಕರೆಂಟ್ ಮರಳಲು ದಾರಿಯಾಗುವ ತಂತಿ) ಇಲ್ಲದಿದ್ದರೆ ರೇಡಿಯೊದಿಂದ ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್‌ನ ಹೊರಮೈಯೇ ಆ ಕೆಲಸಕ್ಕೆ ಇಳಿಯುತ್ತದೆ. ಆ ಕರೆಂಟ್ ಕೋಣೆಗೆ ಬಂದು ರೇಡಿಯೊದ ಮೈ, ಯುಎಸ್‌ಬಿ ಕೇಬಲ್, ಚಾರ್ಜರ್ ಹಿಡಿದು ಹೋಗುತ್ತದೆ. ಹಾಗಾಗಿ ಮೊದಲು ಕೌಂಟರ್‌ಪಾಯ್ಸ್ ಎಳೆಯಿರಿ. ಆಮೇಲೆ ಕೋಆಕ್ಸ್ ಮನೆಗೆ ಬರುವಲ್ಲಿ ಚೋಕ್ (ಆ ಕರೆಂಟನ್ನು ತಡೆಯುವ ಫೆರೈಟ್ ಸುತ್ತು) ಹಾಕಿ. ಯುಎಸ್‌ಬಿ ಕೇಬಲ್‌ನ ಸರದಿ ಕೊನೆಗೆ.

ಫೆರೈಟ್ ಎಂಬ ಕಾಂತೀಯ ವಸ್ತುವಿನ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಕ್ಲಿಪ್ ಒಂದನ್ನು ಸುಮ್ನೆ ಸಿಕ್ಕಿಸಿದರೆ ಈ ಬ್ಯಾಂಡ್‌ಗಳಲ್ಲಿ ಪ್ರಯೋಜನ ಬಹಳ ಕಡಿಮೆ. 31 ನಂಬರ್ ಮಿಕ್ಸ್‌ನ (ಫೆರೈಟ್‌ನ ಒಂದು ಬಗೆ) ದೊಡ್ಡ ಉಂಗುರ ತಗೊಂಡು ಕೇಬಲನ್ನು ಹಲವು ಸುತ್ತು ಸುತ್ತಿ. ಸುತ್ತು ದುಪ್ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ.

ಇದಕ್ಕಾಗಿ ಮುರಕಲ್ಲಿಗೆ ಇನ್ನೊಂದು ಅರ್ಥಿಂಗ್ ರಾಡ್ ಹೊಡೆಯಬೇಡಿ. ಅರ್ಥಿಂಗ್ ಬೇಕಾಗಿರುವುದು ಶಾಕ್‌ನಿಂದ, ಸಿಡಿಲಿನಿಂದ ಕಾಪಾಡಲು. ಮಹಡಿಯಿಂದ 5 ಮೀಟರ್ ಇಳಿಸಿದ ತಂತಿ 20 ಮೀಟರ್ ಬ್ಯಾಂಡ್‌ಗೆ ಕಾಲು ತರಂಗದ ಉದ್ದ. ನೆಲಕ್ಕೆ ಸೇರಿದ್ದರೂ ಮೇಲಿನ ತುದಿಯಲ್ಲಿ ಆರ್‌ಎಫ್‌ಗೆ ದಾರಿಯೇ ಸಿಗದ ಹಾಗಿರುತ್ತದೆ.

ಇನ್ನು ಗುಂಯ್ ಸದ್ದು. ರೇಡಿಯೊವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಮೈನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರನ್ನೂ ನಿಲ್ಲಿಸಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದಾಗಿ ಆನ್ ಮಾಡಿ ನೋಡಿ. ಲ್ಯಾಪ್‌ಟಾಪ್ ಚಾರ್ಜರ್, ಎಲ್‌ಇಡಿ ಬಲ್ಬ್, ಸೋಲಾರ್ ಕಂಟ್ರೋಲರ್ ಮೇಲೆ ಮೊದಲ ಅನುಮಾನ ಇರಲಿ. 14.030 ಅಥವಾ 21.052 ಮೆಗಾಹರ್ಟ್ಸ್ ಹತ್ತಿರ ಒಂದೇ ಸಮನೆ ಶಿಳ್ಳೆ ಕೇಳಿದರೆ ಅದು ಈಥರ್‌ನೆಟ್ ಕೇಬಲ್‌ನದ್ದಿರಬಹುದು. ಸೆಕೆಂಡಿಗೊಂದರಂತೆ ಟಕ್ ಟಕ್ ಅಂದರೆ ಹತ್ತಿರದ ಸೋಲಾರ್ ಬೇಲಿ ನೋಡಿ. ಎಲ್ಲೋ ತಂತಿಗೆ ಬಳ್ಳಿ ತಾಗಿ ಕಿಡಿ ಹಾರುತ್ತಿರುತ್ತದೆ.

ಇಷ್ಟು ಶ್ರಮ ಯಾಕೆ ಅಂದರೆ, ರೇಡಿಯೊದ ಸಿಗ್ನಲ್ ಮೀಟರ್‌ನಲ್ಲಿ ಗದ್ದಲ ಎಸ್7ರಿಂದ ಎಸ್3ಕ್ಕೆ ಇಳಿದರೆ 24 ಡೆಸಿಬೆಲ್ ಉಳಿತಾಯ. ಮೊದಲು ನಿಮಗೆ ಕೇಳಿಸಲು ಆಚೆಯವರು ಸುಮಾರು 250 ಪಟ್ಟು ಪವರ್ ಹಾಕಬೇಕಿತ್ತು!

ಸಿಕ್ಯು ವರ್ಲ್ಡ್‌ವೈಡ್ ಎಂಬ ಜಾಗತಿಕ ಸ್ಪರ್ಧೆಯ ಮಾತಿನ ಕಾಂಟೆಸ್ಟ್ ಅಕ್ಟೋಬರ್‌ನ ಕೊನೆಯ ಪೂರ್ತಿ ವಾರಾಂತ್ಯ, 48 ಗಂಟೆ. ಅದಕ್ಕೆ ಮೊದಲೇ 40ರಿಂದ 10 ಮೀಟರ್‌ವರೆಗೆ ನೀವು ಬಳಸುವ ಪ್ರತಿ ಬ್ಯಾಂಡ್‌ನಲ್ಲೂ ಪೂರ್ತಿ ಪವರ್ ಹಾಕಿ ಪರೀಕ್ಷೆ ಮಾಡಿ. ಒಂದು ಬ್ಯಾಂಡ್‌ನಲ್ಲಿ ಸುಮ್ಮನಿರುವ ಕೇಬಲ್ ಇನ್ನೊಂದರಲ್ಲಿ ಕೈಕೊಡಬಹುದು. ಸಂಜೆ ಗುಡುಗು ಕೇಳಿಸಿದರೆ ಮಾತ್ರ ಪರೀಕ್ಷೆ ಬಿಟ್ಟು ಕೋಆಕ್ಸ್ ಕಳಚಿಡಿ.