ಒಂದೇ ಉಂಡೆಗೆ ಎರಡು ಬಾಯಿ

ನಾನು ಮಾಡಿದ ಮೊದಲ ಕೊಕೆದಾಮಾದ ಗಿಡ ಬಾಯಾರಿ ಸತ್ತಿತು. ಕೊಕೆದಾಮಾ ಅಂದರೆ ಕುಂಡದ ಬದಲು ಪಾಚಿ ಹೊದಿಸಿದ ಮಣ್ಣಿನ ಉಂಡೆಯಲ್ಲಿ ಗಿಡ ಬೆಳೆಸುವ ಜಪಾನಿ ಪದ್ಧತಿ. ನನ್ನ ಉಂಡೆಯ ಸುತ್ತ ಹೊದಿಸಿದ್ದ ಪಾಚಿ ಮಾತ್ರ ಹಸಿರು ಹಸಿರಾಗಿ ನಳನಳಿಸುತ್ತಿತ್ತು! ದಿನಾ ಬೆಳಿಗ್ಗೆ ಸ್ಪ್ರೇ ಬಾಟಲಿ ಹಿಡಿದು ತಪ್ಪದೆ ನೀರು ಚಿಮುಕಿಸಿದ್ದೆ. ಅಷ್ಟು ಮಾಡಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಸಾಲುವುದಿಲ್ಲ.

ಕೊಕೆ ಎಂದರೆ ಜಪಾನಿ ಭಾಷೆಯಲ್ಲಿ ಪಾಚಿ, ತಾಮಾ ಎಂದರೆ ಉಂಡೆ. ಎರಡೂ ಸೇರಿದಾಗ ‘ತ’ ಹೋಗಿ ‘ದ’ ಬರುತ್ತದೆ. ನಮ್ಮ ‘ಬೆಟ್ಟದಾವರೆ’ಯಲ್ಲಿ ಆಗುವ ಹಾಗೇ. ಜಪಾನಿಗೂ ಆದೇಶ ಸಂಧಿ ಇದೆ ಅಂತ ಗೊತ್ತಾದ ದಿನ ನನಗೆ ಗಿಡ ಸತ್ತ ದುಃಖ ಅರ್ಧ ಮರೆತುಹೋಯಿತು. ಅಂದಹಾಗೆ, ಇದು ನೀರಿನ ತೊಟ್ಟಿಯಲ್ಲಿ ಕಾಲು ಜಾರಿಸುವ ಪಾಚಿಯಲ್ಲ. ಅದು ಬೇರೆಯೇ ಜೀವಿ. ಇದು ಹಳೇ ಗೋಡೆಯ ಮೇಲೆ ಮಖಮಲ್ಲಿನಂತೆ ಹಬ್ಬುವ ಪುಟ್ಟ ಗಿಡ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ.

ಈಗ ಸಾವಿನ ವಿಚಾರಣೆಗೆ ಬರೋಣ. ಪಾಚಿಗೆ ಬೇರಿಲ್ಲ. ಬೇರಿನಂತೆ ಕಾಣುವ ಸಣ್ಣ ಎಳೆಗಳು ಹಿಡಿದುಕೊಳ್ಳುವುದಕ್ಕೆ ಮಾತ್ರ. ಅದರ ಎಲೆ ಬಹುಪಾಲು ಒಂದೇ ಕೋಶದಷ್ಟು ದಪ್ಪ. ಹಾಗಾಗಿ ಅದು ಮೈಯಿಂದಲೇ ನೀರು ಕುಡಿಯುತ್ತದೆ. ಹಗ್ಗದ ಮೇಲಿನ ಬಟ್ಟೆ ಥರ: ಹನಿ ಬಿದ್ದರೆ ಒದ್ದೆ, ಗಾಳಿ ಬೀಸಿದರೆ ಒಣ. ಒಳಗಿರುವ ಗಿಡದ್ದು ಬೇರೆ ಲೆಕ್ಕ. ಎಲೆಗೆ ಮೇಣದ ಹೊದಿಕೆ ಇದೆ, ಬಾಯಿ ಕೆಳಗೆ ಬೇರಿನಲ್ಲಿದೆ. ಇದು ಬಾವಿ ತೋಡಿಕೊಂಡ ಮನೆ. ಹೊರಗೆ ತುಂತುರು ಬಿದ್ದರೆ ಬಾವಿ ತುಂಬುತ್ತದೆಯೇ? ನಾನು ಚಿಮುಕಿಸಿದ್ದೆಲ್ಲ ಪಾಚಿಯ ಪಾಲಾಯಿತು. ಒಳಗಿನವನು ಬಾಯಿ ಬಿಡುತ್ತಿದ್ದಾಗ ಬಾಗಿಲಲ್ಲಿ ನಿಂತವನಿಗೆ ಊಟ ಬಡಿಸಿ ಬಂದ ಹಾಗೆ.

ಕುಂಡದಲ್ಲಿ ನೀರು ಆರುವುದು ಹೆಚ್ಚಾಗಿ ಮೇಲ್ಮುಖದಿಂದ. ಉಂಡೆಗೆ ಗೋಡೆಯೇ ಇಲ್ಲ, ಸುತ್ತಲೂ ಆರುತ್ತದೆ. ಜೊತೆಗೆ ಇನ್ನೊಂದು ಕಿತಾಪತಿ ಇದೆ. ಪೀಟ್ (ಜೌಗಿನಲ್ಲಿ ಅರೆಬರೆ ಕೊಳೆತ ಸಸ್ಯಗಳ ಪುಡಿ) ಬೆರೆಸಿದ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಹೊರಗೇ ಜಾರಿಸುತ್ತದೆ. ಸ್ಪ್ರೇ ಹಾಗಿರಲಿ, ಚೊಂಬಿನಿಂದ ಸುರಿದರೂ ನೀರು ಬದಿಯಿಂದ ಇಳಿದುಹೋಗುತ್ತದೆ.

ಜಪಾನಿನ ತೋಟಗಾರರು ಇದನ್ನೆಲ್ಲ ಅನುಭವದಿಂದಲೇ ಕಂಡುಕೊಂಡಿದ್ದರು. ಕೊಕೆದಾಮಾದ ಹಿರಿಯಣ್ಣ ನೆಅರಾಯಿ ಎಂಬ ಬೋನ್ಸಾಯ್ ಪದ್ಧತಿ. ಬೇರು ಕುಂಡದ ತುಂಬ ಹೆಣೆದುಕೊಂಡ ಮೇಲೆ ಗಿಡವನ್ನು ಕುಂಡದಿಂದ ತೆಗೆದು ತಟ್ಟೆಯ ಮೇಲಿಡುತ್ತಾರೆ. ಬೇರಿನ ಮುದ್ದೆಯ ಮೇಲೆ ಪಾಚಿ ಹಬ್ಬುತ್ತದೆ. ಅಷ್ಟು ವರ್ಷ ಕಾಯಲಾರದವರಿಗೆ ಉಂಡೆ ಕಟ್ಟುವ ದಾರಿ. ಅದಕ್ಕೆ ಬಳಸುವುದು ಕೆತೋ ಎಂಬ ಕಪ್ಪು ಅಂಟುಮಣ್ಣು, ಜೌಗಿನ ಹುಲ್ಲು ಕೊಳೆತು ಆದದ್ದು. ಜೊತೆಗೆ ಅಕಾದಾಮಾ ಎಂಬ ಜ್ವಾಲಾಮುಖಿ ಮಣ್ಣಿನ ಕಾಳು. ಸಾಮಾನ್ಯವಾಗಿ 7 ಪಾಲು ಕೆತೋ, 3 ಪಾಲು ಅಕಾದಾಮಾ. ಒಂದು ಅಂಟಿಗೆ, ಇನ್ನೊಂದು ಗಾಳಿಗೆ. ಹಲವರು ಬೇರಿಗೆ ಸ್ಫ್ಯಾಗ್ನಮ್ ಪಾಚಿಯನ್ನೂ ಸುತ್ತುತ್ತಾರೆ. ಅದರ ಎಲೆಯಲ್ಲಿರುವ ಸತ್ತ ಖಾಲಿ ಕೋಶಗಳು ಸಣ್ಣ ಸಣ್ಣ ಕೊಡಗಳಿದ್ದಂತೆ. ಒಣಗಿದ ತೂಕದ ಸುಮಾರು 20 ಪಟ್ಟು ನೀರು ಹಿಡಿಯಬಲ್ಲವು. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದೆ ಬಂದಾಗ ಬ್ರಿಟನ್ನಿನಲ್ಲಿ ಗಾಯಕ್ಕೆ ಕಟ್ಟುವ ಪಟ್ಟಿಗೆ ಇದನ್ನೇ ಬಳಸಿದ್ದರು.

ಗೋಡೆ ಇಲ್ಲದಿರುವುದರಿಂದ ಒಂದು ಲಾಭವೂ ಇದೆ. ಕುಂಡದ ಬೇರು ಗೋಡೆಗೆ ಡಿಕ್ಕಿ ಹೊಡೆದು ಸುತ್ತು ಹಾಕುತ್ತಾ ಹೋಗುತ್ತದೆ. ಉಂಡೆಯ ಬೇರಿನ ತುದಿ ಹೊರಗಿನ ಗಾಳಿ ತಗಲಿ ಒಣಗುತ್ತದೆ, ಹಿಂದಿನಿಂದ ಕವಲು ಒಡೆಯುತ್ತದೆ. ಚಿಗುರು ಚಿವುಟಿದರೆ ಗಿಡ ಪೊದೆಯಾಗುತ್ತದಲ್ವಾ, ಹಾಗೆ. ಇಲ್ಲಿ ಗಾಳಿಯೇ ಚಿವುಟುತ್ತದೆ.

ಹಾಗಾದರೆ ನೀರು ಕೊಡುವುದು ಹೇಗೆ? ಮುಳುಗಿಸಬೇಕು. ಉಂಡೆಯನ್ನು ಬಕೆಟ್ಟಿನಲ್ಲಿ ಒತ್ತಿ ಹಿಡಿದರೆ ಗುಳುಗುಳು ಗುಳ್ಳೆ ಬರುತ್ತದೆ. ಮಣ್ಣಿನ ಸಂದಿಯ ಗಾಳಿ ಜಾಗ ಬಿಟ್ಟುಕೊಡುವ ಸದ್ದು ಅದು. ಗುಳ್ಳೆ ನಿಂತಾಗ ತೆಗೆದು ನೀರು ಬಸಿಯಲು ಬಿಡಿ. ಹಾಗೇ ನೀರಿನ ತಟ್ಟೆಯಲ್ಲಿ ಕೂರಿಸಬೇಡಿ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನ. ಬೇರಿಗೆ ಉಸಿರು ಕಟ್ಟುತ್ತದೆ. ಮತ್ತೆ ಯಾವಾಗ ಮುಳುಗಿಸಬೇಕು? ಕ್ಯಾಲೆಂಡರ್ ನೋಡಬೇಡಿ, ಪಾಚಿಯ ಬಣ್ಣವನ್ನಂತೂ ನಂಬಲೇಬೇಡಿ. ಉಂಡೆಯನ್ನು ಅಂಗೈಯಲ್ಲಿ ಎತ್ತಿ ನೋಡಿ. ಹಗುರ ಅನಿಸಿದರೆ ಬಕೆಟ್ಟು. ಒಂದೆರಡು ವಾರದಲ್ಲಿ ಕೈಗೇ ಲೆಕ್ಕ ಸಿಗುತ್ತದೆ.

ಎರಡನೇ ಉಂಡೆಯಲ್ಲಿ ಉಲ್ಟಾ ಆಯಿತು. ಗಿಡ ಸೊಂಪಾಗಿ ಬೆಳೆಯಿತು, ಪಾಚಿ ಒಣಗಿ ಕಂದಾಯಿತು. ಆದರೆ ಅನೇಕ ಪಾಚಿಗಳು ಒಣಗಿದರೆ ಸಾಯುವುದಿಲ್ಲ, ಸುಮ್ನೆ ಕೆಲಸ ನಿಲ್ಲಿಸಿ ಮುದುಡಿಕೊಳ್ಳುತ್ತವೆ. ಎರಡು ಸಲ ಚಿಮುಕಿಸಿದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಲ್ಲಿ ಹಸಿರು ಕಾಣಿಸಿತು. ಸ್ಪ್ರೇ ಬಾಟಲಿ ಕೊನೆಗೂ ಕೆಲಸಕ್ಕೆ ಬಂತು.