ಸಿಸ್ಟಂ ಕಾಲ್‌ನಿಂದ ವಾಪಸ್ ಬರುವ ದಾರಿ

ಫೈಲ್ ಓದಬೇಕೆಂದರೆ ಪ್ರೋಗ್ರಾಂ ಕರ್ನಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನ, ಬಾಗಿಲು ತಟ್ಟಬೇಕು. ಅದೇ ಸಿಸ್ಟಂ ಕಾಲ್. ಒಳಗೆ ಹೋಗುವುದು ಅಷ್ಟೇನೂ ಕಷ್ಟವಲ್ಲ. ತಲೆನೋವು ಜಾಸ್ತಿ ಇರುವುದು ಹೊರಗೆ ಬರುವಾಗ.

ಹಳೆಯ 32 ಬಿಟ್ ಲಿನಕ್ಸ್‌ನಲ್ಲಿ ವಾಪಸ್ ಬರಲು ಇದ್ದ ಆಜ್ಞೆ ಐರೆಟ್. ವಾಪಸ್ ವಿಳಾಸ, ಫ್ಲ್ಯಾಗ್ (ಪ್ರೊಸೆಸರ್‌ನ ಸ್ಥಿತಿ ಹೇಳುವ ಬಿಟ್‌ಗಳು), ಸೆಗ್ಮೆಂಟ್ (ಮೆಮೊರಿ ಭಾಗದ ಗುರುತು) ಎಲ್ಲವನ್ನೂ ಸ್ಟ್ಯಾಕ್‌ನಿಂದ, ಅಂದರೆ ಮೆಮೊರಿಯ ತಾತ್ಕಾಲಿಕ ಅಟ್ಟಿಯಿಂದ, ಎತ್ತಿ, ತಪಾಸಣೆ ಮಾಡಿ, ಆಮೇಲೆ ಬಿಡುತ್ತದೆ. ನಂಬಿಕಸ್ಥ, ಆದರೆ ನಿಧಾನ. ಇಂಟೆಲ್‌ನ ಪೆಂಟಿಯಂ 4 ಚಿಪ್‌ನಲ್ಲಿ ಈ ಹಳೆ ದಾರಿ ತೀರಾ ದುಬಾರಿಯಾಯಿತು. 2002ರ ಕೊನೆಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಕರ್ನಲ್‌ಗೆ ಬೇಗ ಹೋಗುವ ಇಂಟೆಲ್‌ನ ಸಿಸ್‌ಎಂಟರ್ ಆಜ್ಞೆಗೆ ಬೆಂಬಲ ಸೇರಿಸಿದರು. 64 ಬಿಟ್ ಕಾಲಕ್ಕೆ ಗೆದ್ದದ್ದು ಮಾತ್ರ ಎಎಂಡಿಯ ಸಿಸ್‌ಕಾಲ್–ಸಿಸ್‌ರೆಟ್ ಜೋಡಿ.

ಈ ಜೋಡಿಯ ವೇಗದ ಗುಟ್ಟು ಸರಳ: ಸ್ಟ್ಯಾಕನ್ನು ಮುಟ್ಟುವುದೇ ಇಲ್ಲ. ಸಿಸ್‌ಕಾಲ್ ವಾಪಸ್ ವಿಳಾಸವನ್ನು ಆರ್‌ಸಿಎಕ್ಸ್ ರಿಜಿಸ್ಟರ್‌ನಲ್ಲೂ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ) ಫ್ಲ್ಯಾಗ್‌ಗಳನ್ನು ಆರ್11ರಲ್ಲೂ ಇಟ್ಟು ಒಳಗೆ ಹೋಗುತ್ತದೆ. ಸಿಸ್‌ರೆಟ್ ಅವನ್ನೇ ಎತ್ತಿಕೊಂಡು ಹೊರಬರುತ್ತದೆ. ಸ್ಟ್ಯಾಕ್ ಎಲ್ಲಿದೆ ಎಂದು ತೋರಿಸುವ ಸ್ಟ್ಯಾಕ್ ಪಾಯಿಂಟರ್ ಸರಿಮಾಡುವುದು ಕರ್ನಲ್‌ನ ಪಾಡು. ಅಂದರೆ ಸಿಸ್‌ರೆಟ್‌ಗೆ ಮುಂಚೆಯೇ ಅದು ಬಳಕೆದಾರನ ಸ್ಟ್ಯಾಕ್ ಹಾಕಿಕೊಂಡಿರಬೇಕು.

ಎಡವಟ್ಟು ಆಗಿದ್ದು ಅಲ್ಲೇ. ಸಾಮಾನ್ಯವಾಗಿ ಬಳಕೆದಾರನ ಪಾಲಿನ ವಿಳಾಸಗಳು 128 ಟೆರಾಬೈಟ್‌ಗೆ ಮುಗಿಯುತ್ತವೆ. ಸಿಸ್‌ಕಾಲ್ ಆಜ್ಞೆ ಬರೀ 2 ಬೈಟ್. ಅದನ್ನು ಆ ಗಡಿಯ ಕೊನೆಯ 2 ಬೈಟ್‌ಗಳಲ್ಲಿ ಇಟ್ಟರೆ? ವಾಪಸ್ ವಿಳಾಸ ಗಡಿ ದಾಟಿ ಅಸಿಂಧುವಾಗುತ್ತದೆ. ಎಎಂಡಿ ಚಿಪ್‌ನಲ್ಲಿ ಕರ್ನಲ್ ಅಧಿಕಾರ ಬಿಟ್ಟ ಮೇಲೆ ದೋಷ ಬರುತ್ತದೆ, ತೊಂದರೆಯಿಲ್ಲ. ಇಂಟೆಲ್‌ನಲ್ಲಿ ಅಧಿಕಾರ ಬಿಡುವ ಮುಂಚೆಯೇ ಬರುತ್ತದೆ. ಕೈಯಲ್ಲಿ ಕರ್ನಲ್ ಅಧಿಕಾರ, ಕಾಲಡಿಯಲ್ಲಿ ಬಳಕೆದಾರ ಕೊಟ್ಟ ಸ್ಟ್ಯಾಕ್! ದಾಳಿಕೋರ ತೋರಿಸಿದ ಜಾಗಕ್ಕೆ ಪ್ರೊಸೆಸರೇ ಬರೆದುಕೊಡುತ್ತದೆ.

ಲಿನಕ್ಸ್ ಈ ತೂತನ್ನು 2006ರಲ್ಲೇ ಮುಚ್ಚಿತ್ತು. ಆದರೂ 2012ರಲ್ಲಿ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂ, ವರ್ಚುವಲ್ ಯಂತ್ರಗಳನ್ನು ನಡೆಸುವ ಝೆನ್, 64 ಬಿಟ್ ವಿಂಡೋಸ್ 7 ಎಲ್ಲದರಲ್ಲೂ ಅದೇ ತೂತು ಸಿಕ್ಕಿತು. ಆರು ವರ್ಷ ಅದು ಎಲ್ಲರ ಕಣ್ಣೆದುರೇ ಇತ್ತು, ಅಲ್ವಾ?

ಈಗ ಲಿನಕ್ಸ್ ಹೊರಡುವ ಮುಂಚೆ ವಿಳಾಸ, ಫ್ಲ್ಯಾಗ್ ನೋಡುತ್ತದೆ. ಸ್ವಲ್ಪ ಅನುಮಾನ ಬಂದರೂ ಸುಮ್ನೆ ಐರೆಟ್ ಹಿಡಿಯುತ್ತದೆ. 2018ರಲ್ಲಿ ಮೆಲ್ಟ್‌ಡೌನ್ ಎಂಬ ಚಿಪ್ ದೋಷ ಬಯಲಾದ ಮೇಲೆ, ಅದಕ್ಕೆ ಸಿಕ್ಕುವ ಚಿಪ್‌ಗಳಲ್ಲಿ ಬರುವಾಗ ಹೋಗುವಾಗ ಪೇಜ್ ಟೇಬಲ್ (ಮೆಮೊರಿ ವಿಳಾಸಗಳ ನಕ್ಷೆ) ಬದಲಿಸುವ ಖರ್ಚೂ ಸೇರಿತು.

ಕರ್ನಲ್‌ಗೆ ಹೋಗಿ ಬರುವ ಇಂಟೆಲ್‌ನ ಹೊಸ ಫ್ರೆಡ್ ವ್ಯವಸ್ಥೆಗೆ 2024ರ ಲಿನಕ್ಸ್ 6.9ರಲ್ಲಿ ಬೆಂಬಲ ಬಂತು. ಅದರಲ್ಲಿ ಬಳಕೆದಾರನ ಕಡೆಗೆ ಮರಳಲು ಇಆರ್‌ಇಟಿಯು ಎಂಬ ಬೇರೆಯೇ ಆಜ್ಞೆ ಇದೆ. ಸ್ಟ್ಯಾಕ್ ಪಾಯಿಂಟರನ್ನೂ ಅದೇ ಬದಲಿಸಿಕೊಡುತ್ತದೆ.